ಸೀನಿಗೆ ಕಾರಣ ಯಾವ ಹೂವು? – ಪರಾಗಸ್ಪರ್ಶ ಪಾಠದ ಒಂದು ಅನುಭವ

ತರಗತಿ: 10 | ವಿಷಯ: ವಿಜ್ಞಾನ | ಉಪಘಟಕ: ಪರಾಗಸ್ಪರ್ಶ | ಅವಧಿ: 2

ಅಭ್ಯಾಸ ಬೋಧನೆಯಲ್ಲಿ ಈ ಉಪಘಟಕ ನನ್ನ ಪಾಲಿಗೆ ಬಂದದ್ದು ಸೆಪ್ಟೆಂಬರ್ ಮೂರನೆಯ ವಾರದಲ್ಲಿ. ಮಳೆ ಹಿಂದೆ ಸರಿದು ಶರದೃತು ಕಾಲಿಡುವ ಈ ಸಮಯದಲ್ಲಿ ಪ್ರತಿ ತರಗತಿಯಲ್ಲೂ ಸೀನುವ, ಕಣ್ಣುಜ್ಜುವ ಮಕ್ಕಳಿರುತ್ತಾರೆ. ಆದ್ದರಿಂದ ಪಾಠವನ್ನು ಒಂದು ಪ್ರಶ್ನೆಯಿಂದ ಆರಂಭಿಸಿದೆ: "ಈ ತಿಂಗಳಲ್ಲಿ ಸೀನು ಹೆಚ್ಚಾಗುವುದೇಕೆ?"

ಪೂರ್ವಜ್ಞಾನ ಪರೀಕ್ಷೆ

ಮಕ್ಕಳ ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ: ಮಳೆಯಲ್ಲಿ ನೆನೆದು ಥಂಡಿಯಾಗಿದೆ, ದೂಳು, ಸೇವಂತಿಗೆ, ಚೆಂಡುಹೂವು. ಮೊದಲು ಥಂಡಿಯನ್ನು ಪರಿಶೀಲಿಸಿದೆವು. ಸಾಮಾನ್ಯ ನೆಗಡಿ ವೈರಸ್‌ನಿಂದ ಬರುತ್ತದೆ, ಹೆಚ್ಚಾಗಿ ವಾರ–ಹತ್ತು ದಿನಗಳಲ್ಲಿ ಇಳಿಯುತ್ತದೆ. ಆದರೆ ಮೂಗು, ಕಣ್ಣು ತುರಿಸುತ್ತಾ, ನೀರಿನಂತೆ ಸೋರುತ್ತಾ, ಜ್ವರವಿಲ್ಲದೆ ವಾರಗಟ್ಟಲೆ ಕಾಡಿದರೆ ಅದು ಅಲರ್ಜಿ ನೆಗಡಿಯಿರಬಹುದು. ಇದಕ್ಕೆ ಹೇ ಫೀವರ್ ಎಂಬ ಹೆಸರಿದ್ದರೂ ಜ್ವರ ಇದರ ಲಕ್ಷಣವಲ್ಲ.

ಚಟುವಟಿಕೆ 1: ಕಪ್ಪು ಕಾಗದ

ಬೆಳಗಿನ ಮೊದಲ ಅವಧಿಯಲ್ಲಿ ಒಂದು ಕಪ್ಪು ಕಾಗದದ ಮೇಲೆ ಚೆಂಡುಹೂವನ್ನೂ ಇನ್ನೊಂದರ ಮೇಲೆ ಹುಲ್ಲಿನ ತೆನೆಯನ್ನೂ ಮೆಲ್ಲಗೆ ತಟ್ಟಿಸಿದೆ. ಹುಲ್ಲಿನಿಂದ ಹಳದಿ ಪುಡಿ ಉದುರಿತು. ಚೆಂಡುಹೂವಿನಿಂದ ಉದುರಿದ್ದು ತೀರಾ ಕಡಿಮೆ. ಕಾರಣವನ್ನು ಮಕ್ಕಳೇ ಹೇಳಿದರು: ಬಣ್ಣದ ಹೂವು ಕೀಟವನ್ನು ಕರೆಯುತ್ತದೆ, ಅದರ ಪರಾಗ ಅಂಟಂಟು. ಬಣ್ಣವಿಲ್ಲದ ಹುಲ್ಲು ಗಾಳಿಯನ್ನೇ ನಂಬಿದೆ, ಆದ್ದರಿಂದ ಹಗುರವಾದ ಪರಾಗವನ್ನು ಧಾರಾಳವಾಗಿ ಚೆಲ್ಲುತ್ತದೆ. ಅಮೆರಿಕದಲ್ಲೂ ಇದೇ ಋತುವಿನಲ್ಲಿ ಚೆಲುವಾದ ಗೋಲ್ಡನ್‌ರಾಡ್ ಹೂವನ್ನು ದೂರುವವರುಂಟು. ನಿಜವಾದ ಕಾರಣ ಕಣ್ಣಿಗೆ ಬೀಳದ ರ‍್ಯಾಗ್‌ವೀಡ್ ಕಳೆ.

ರ‍್ಯಾಗ್‌ವೀಡ್‌ನ ಹತ್ತಿರದ ನೆಂಟ ನಮ್ಮಲ್ಲಿದೆ: ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಳೆ. ಇದರ ಪುಟ್ಟ ಬಿಳಿ ಹೂಗಳಿಗೆ ಕೀಟಗಳು ಬಂದರೂ ಪರಾಗ ಗಾಳಿಯಲ್ಲೂ ಹರಡುತ್ತದೆ. ಮುಟ್ಟಿದರೆ ಕೆಲವರ ಚರ್ಮ ತುರಿಸಿ ಉರಿಯುವುದರಿಂದ ಗಿಡವನ್ನು ತರಗತಿಗೆ ತರದೆ ಚಿತ್ರ ತೋರಿಸಿದೆ.

ಚಟುವಟಿಕೆ 2: ಅಂಟುವ ಸ್ಲೈಡ್

ಇಂಗ್ಲೆಂಡಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ ತಾನೇ ಈ ತೊಂದರೆಯಿಂದ ಬಳಲುತ್ತಿದ್ದವನು. ಅಂಟು ಸವರಿದ ಗಾಜಿನ ತುಂಡುಗಳಲ್ಲಿ ಗಾಳಿಯ ಪರಾಗವನ್ನು ಹಿಡಿದು ಎಣಿಸಿ, ಪರಾಗವೇ ಕಾರಣವೆಂದು 1873ರಲ್ಲಿ ಪ್ರಕಟಿಸಿದ. ಅದೇ ದಾರಿಯಲ್ಲಿ ನಾವು ವ್ಯಾಸಲೀನ್ ಸವರಿದ ಸ್ಲೈಡ್‌ಗಳನ್ನು ಕಿಟಕಿಯಲ್ಲಿ ಒಂದು ದಿನ ಇಟ್ಟೆವು. ಮರುದಿನ ಸೂಕ್ಷ್ಮದರ್ಶಕದಲ್ಲಿ ನಯವಾದ ದುಂಡು ಕಣಗಳು, ಮುಳ್ಳುಮುಳ್ಳಾದ ಕಣಗಳು, ದೂಳು ಎಲ್ಲವೂ ಕಂಡವು. ಹಾಗಾಗಿ "ದೂಳು" ಎಂಬ ಉತ್ತರವನ್ನೂ ಅಳಿಸಲಿಲ್ಲ. ಮಳೆಗಾಲದ ತೇವದಲ್ಲಿ ಹೆಚ್ಚಿದ ಬೂಷ್ಟಿನ ಬೀಜಕಣಗಳು, ಹಾಸಿಗೆಯ ದೂಳುನುಸಿಯ ಕಸ ದಸರೆಗೆ ಮನೆ ಗುಡಿಸುವಾಗ ಮೇಲೇಳುತ್ತವೆ.

ವಿವರಣೆ

ನೆಂಟನನ್ನು ಕಳ್ಳನೆಂದು ಬೊಗಳುವ ನಾಯಿಯ ಹೋಲಿಕೆ ಬಳಸಿದೆ. ನಿರಪಾಯಕಾರಿ ಪರಾಗವನ್ನು ದೇಹ ಶತ್ರುವೆಂದು ಗುರುತಿಟ್ಟುಕೊಂಡು ಐಜಿಇ ಪ್ರತಿಕಾಯ ತಯಾರಿಸುತ್ತದೆ. ಅದೇ ಪರಾಗ ಮತ್ತೆ ಬಂದಾಗ ಮಾಸ್ಟ್ ಕೋಶಗಳು ಹಿಸ್ಟಮಿನ್ ಬಿಡುಗಡೆ ಮಾಡುತ್ತವೆ; ಆಗ ಸೀನು, ತುರಿಕೆ, ಸೋರಿಕೆ.

ಮಕ್ಕಳಿಂದ ಬಂದ ಪ್ರಶ್ನೆ

"ಗಾಂಧಿ ಜಯಂತಿಯ ಶ್ರಮದಾನದಲ್ಲಿ ನಾವು ಬರಿಗೈಯಲ್ಲಿ ಕೀಳುವುದು ಇದೇ ಗಿಡ ಅಲ್ವಾ ಮಿಸ್?" ಎಂದು ಒಬ್ಬ ಹುಡುಗಿ ಕೇಳಿದಳು. ಅಕ್ಟೋಬರ್ ಹೊತ್ತಿಗೆ ಗಿಡ ತುಂಬ ಹೂವಿರುತ್ತದೆ. ಅಲುಗಿಸಿದಷ್ಟೂ ಪರಾಗ ಮುಖಕ್ಕೇ ಬರುತ್ತದೆ. ಇದನ್ನು ಮುಖ್ಯ ಶಿಕ್ಷಕರಿಗೆ ತಿಳಿಸಿದೆ. ಈ ಸಲ ಮಕ್ಕಳಿಗೆ ಬೇರೆ ಕೆಲಸ ಕೊಡಲು ಅವರು ಒಪ್ಪಿದರು. ಮುಂಗಾರಿನ ಮೊದಲ ಮಳೆಗೆ ಮೊಳೆತ ಗಿಡವನ್ನು ಹೂಬಿಡುವ ಮೊದಲೇ, ಹಸಿ ನೆಲದಲ್ಲಿ, ಕೈಗವಸು ಹಾಕಿಕೊಂಡ ದೊಡ್ಡವರು ಬೇರುಸಹಿತ ಕೀಳುವುದು ಒಳ್ಳೆಯದು.

ಮೌಲ್ಯಮಾಪನ

"ದೇವರ ಪೂಜೆಗೆ ಚೆಂಡುಹೂವು ತಂದರೆ ತಮ್ಮನಿಗೆ ಸೀನು ಬರುತ್ತದೆ ಎನ್ನುವ ಅಜ್ಜಿಗೆ ಏನು ಹೇಳುವೆ?" ಎಂದು ಕೇಳಿದೆ. ಹೆಚ್ಚಿನವರು ಪರಾಗ ಹರಡುವ ಬಗೆಯನ್ನು ಬಳಸಿ ಉತ್ತರಿಸಿದರು. ಒಬ್ಬ, "ಅಂಗಳದ ಹಿಂದೆ ಏನು ಬೆಳೆದಿದೆ ಅಂತ ಮೊದಲು ನೋಡ್ತೀನಿ" ಎಂದ. ಕಲಿಕಾ ಉದ್ದೇಶ ಈಡೇರಿದ್ದಕ್ಕೆ ಆ ಉತ್ತರವೇ ನನಗೆ ಸಾಕ್ಷಿ.