ತಲೆಗೆ ಬಿದ್ದ ಪೆಟ್ಟನ್ನು ಮುಚ್ಚಿಡಬೇಡಿ

ಕಬಡ್ಡಿ ರೇಡ್‌ನಲ್ಲಿ ಎದುರಾಳಿಯ ಮೊಣಕಾಲು ತಲೆಗೆ ಬಡಿದು ಮೂರು ದಿನವಾಯಿತು, ಟ್ಯೂಬ್‌ಲೈಟ್ ನೋಡಿದರೆ ಕಣ್ಣು ಕುಕ್ಕುತ್ತದೆ, ಓದಿದ ಸಾಲು ತಲೆಗೆ ಹತ್ತುವುದಿಲ್ಲ ಎಂದು ಬರೆದಿದ್ದೀರಿ. ಹೇಳಿದರೆ ಫೈನಲ್‌ನಿಂದ ಕೈಬಿಡುತ್ತಾರೆಂಬ ಅಳುಕು ಅರ್ಥವಾಗುತ್ತದೆ. ಆದರೂ ಕೋಚ್‌ಗೆ ಇವತ್ತೇ ಹೇಳಿ, ವೈದ್ಯರನ್ನು ಕಾಣಿ. ಪ್ರಜ್ಞೆ ತಪ್ಪದಿದ್ದರೂ ಮೆದುಳು ಅಲುಗಿ ಪೆಟ್ಟಾಗಿರಬಹುದು, ಸ್ಕ್ಯಾನ್‌ನಲ್ಲೂ ಕಾಣದಿರಬಹುದು. ನೀವು ಬಾಯಿಬಿಟ್ಟರೇ ಗೊತ್ತಾಗುವುದು. ಆ ಪೆಟ್ಟು ಮಾಯುವ ಮುನ್ನ ಇನ್ನೊಂದು ಬಿದ್ದರೆ ಜೀವಕ್ಕೇ ಕುತ್ತು ಬರಬಹುದು.

ನೀವು ಹೊರಗುಳಿದರೆ ತಂಡ ಸೋತೇಬಿಡುತ್ತದೆ ಎಂದೇನಿಲ್ಲ. 2020ರಲ್ಲಿ ಕ್ಯಾನ್‌ಬೆರಾದ ಪಂದ್ಯದಲ್ಲಿ ಹೆಲ್ಮೆಟ್‌ಗೆ ಚೆಂಡು ಬಡಿದ ಕ್ರಿಕೆಟಿಗ ರವೀಂದ್ರ ಜಡೇಜ ಆಮೇಲೆ ಫೀಲ್ಡಿಂಗ್‌ಗೆ ಇಳಿಯಲಿಲ್ಲ. ಬದಲಿಯಾಗಿ ಬಂದ ಬೌಲರ್ ಯುಜ್ವೇಂದ್ರ ಚಾಹಲ್ 3 ವಿಕೆಟ್ ಕಿತ್ತರು, ಭಾರತ ತಂಡ ಗೆದ್ದಿತು.

ವಾಂತಿ, ಏರುತ್ತಿರುವ ತಲೆನೋವು, ಮಾತಿನ ತೊದಲು ಕಂಡರೆ ನೇರ ಆಸ್ಪತ್ರೆಗೆ ಹೋಗಿ. ಒಬ್ಬರೇ ಹೇಳಲು ಅಂಜಿಕೆಯಾದರೆ ತಂಡದ ಗೆಳೆಯನೊಬ್ಬನನ್ನು ಜೊತೆಗೆ ಕರೆದೊಯ್ಯಿರಿ.