ಪೀಣ್ಯದ ಫೋಮು, ವೈಟ್‌ಫೀಲ್ಡ್‌ನ ಮಶೀನು

ಪೀಣ್ಯ ಎರಡನೇ ಹಂತದಲ್ಲಿರುವ ನಮ್ಮ ಫೋಮ್ ಕತ್ತರಿಸುವ ಶೆಡ್‌ಗೆ ಬರುವ ಫೋನುಗಳಲ್ಲಿ ಹೆಚ್ಚಿನವು ‘ಇಪಿಇ ಶೀಟ್ ರೇಟ್ ಏನಿದೆ?’ ಎಂದೇ ಶುರುವಾಗುತ್ತವೆ. ಪಂಪಿನ ಬಿಡಿಭಾಗಕ್ಕಾದರೆ ರೇಟ್ ಹೇಳಿ ಮುಗಿಸುತ್ತೇನೆ. ವೈಟ್‌ಫೀಲ್ಡ್‌ನಿಂದಲೋ ಎಲೆಕ್ಟ್ರಾನಿಕ್ ಸಿಟಿಯಿಂದಲೋ ಫೋನ್ ಬಂದು ಆಸ್ಪತ್ರೆ ಮಶೀನ್ ಎಂದರೆ ಮಾತ್ರ ಕೇಳುವ ಸರದಿ ನನ್ನದಾಗುತ್ತದೆ. ತೂಕ ಎಷ್ಟು? ಭಾರ ಯಾವ ಭಾಗದ ಮೇಲೆ ಬಿಡಬಹುದು, ಯಾವ ಭಾಗ ಮುಟ್ಟಲೇಬಾರದು? ಹೋಗುವುದು ಎಲ್ಲಿಗೆ, ಎತ್ತಿ ಇಳಿಸುವವರು ಯಾರು? ಯಾವ ಫೋಮ್ ಎಂಬುದು ಇದಾದ ಮೇಲಿನ ಮಾತು.

ಕೋವಿಡ್‌ಗೆ ಮುಂಚೆ ನಮ್ಮ ಬೀದಿಯಲ್ಲಿ ಈ ತರಹದ ಮಾತುಕತೆ ಕಡಿಮೆಯೇ. 2020ರಲ್ಲಿ ಪಕ್ಕದ ಜಾಲಹಳ್ಳಿಯ ಬಿಇಎಲ್‌ಗೆ 30,000 ವೆಂಟಿಲೇಟರ್‌ಗಳ ಆರ್ಡರ್ ಬಂತು. ವಿನ್ಯಾಸ ಮೈಸೂರಿನ ಸ್ಕ್ಯಾನ್‌ರೇ ಕಂಪನಿಯದು, ಡಿಆರ್‌ಡಿಒ ಕೈಜೋಡಿಸಿತ್ತು. ಟೀ ಅಂಗಡಿಯಲ್ಲಿ ವಾಲ್ವು, ಸೆನ್ಸರು ಎಂಬ ಮಾತು ಕಿವಿಗೆ ಬೀಳತೊಡಗಿದ್ದು ಆಗ. ಮಶೀನ್ ಮಾಡುವವರು ಬಹಳ ಮಂದಿ ಹುಟ್ಟಿಕೊಂಡರು. ಅದು ಊರು ತಲುಪುವಷ್ಟರಲ್ಲಿ ಏನಾಗುತ್ತದೆ ಎಂದು ಯೋಚಿಸಿದವರು ಅಷ್ಟಿರಲಿಲ್ಲ.

ಎಂಜಿನಿಯರುಗಳಿಗೂ ಒಪ್ಪಿಸಲು ಕಷ್ಟವಾಗುವ ಮಾತೊಂದಿದೆ: ಫೋಮ್ ಕಡಿಮೆ ಮಾಡಿದರೆ ಪೆಟ್ಟೂ ಕಡಿಮೆಯಾಗಬಹುದು. ಎಂಟು ಕೆಜಿಯ ಒಂದು ಪೇಷಂಟ್ ಮಾನಿಟರ್ ಇದೆ ಎನ್ನಿ, ತಳ 40 ಸೆಂ.ಮೀ.ಗೆ 30. ತಳದ ತುಂಬ ಇಪಿಇ ಫೋಮ್ ಹಾಸಿದರೆ ಒಂದು ಚದರ ಸೆಂ.ಮೀ.ಗೆ ಬೀಳುವ ಭಾರ ಏಳು ಗ್ರಾಂ ಕೂಡ ಇಲ್ಲ. ಅಷ್ಟು ಹಗುರ ಭಾರಕ್ಕೆ ಇಪಿಇ ಬಗ್ಗುವುದೇ ಇಲ್ಲ, ಹಲಗೆಯಂತೆ ನಿಂತುಬಿಡುತ್ತದೆ. ಪೆಟ್ಟಿಗೆ ಕೆಳಗೆ ಬಿದ್ದರೆ ಏಟು ನೇರ ಮಶೀನಿಗೇ. ಅದೇ ಫೋಮನ್ನು 7 ಸೆಂ.ಮೀ. ಚೌಕದ ನಾಲ್ಕು ತುಂಡು ಮಾಡಿ ಮೂಲೆಗಿಟ್ಟರೆ ಭಾರ ಚದರ ಸೆಂ.ಮೀ.ಗೆ ಸುಮಾರು 41 ಗ್ರಾಂ ಆಗುತ್ತದೆ. ಆಗ ಫೋಮ್ ಕುಗ್ಗುತ್ತದೆ, ಏಟು ನುಂಗುತ್ತದೆ. ‘ತಳ ಖಾಲಿ ಬಿಟ್ಟಿದೀರಲ್ಲ ಸರ್, ಫೋಮ್ ಉಳಿಸೋಕಾ?’ ಎಂದು ಒಬ್ಬರು ಪರ್ಚೇಸ್ ಮ್ಯಾನೇಜರ್ ಕೇಳಿದ್ದುಂಟು. ಉಳಿಯುತ್ತದೆ, ನಿಜ. ಆ ದುಡ್ಡು ಅವರಿಗೇ.

ಹಾಗಂತ ದಪ್ಪ ಉಳಿಸಲಾಗದು. 76 ಸೆಂ.ಮೀ. ಎತ್ತರದಿಂದ ಬೀಳುವ ಪೆಟ್ಟಿಗೆಯೊಳಗೆ 5 ಸೆಂ.ಮೀ. ಫೋಮ್ ಅರ್ಧಕ್ಕೆ ಕುಗ್ಗಿತು ಎಂದರೆ, ನಿಲ್ಲಲು ಸಿಕ್ಕ ಜಾಗ ಎರಡೂವರೆ ಸೆಂ.ಮೀ. ಕಾಗದದ ಲೆಕ್ಕಕ್ಕೇ 30 ಜಿ, ಅಂದರೆ ಗುರುತ್ವದ 30 ಪಟ್ಟು, ಏಟು ಬೀಳುತ್ತದೆ. ನಿಜದಲ್ಲಿ ಅದರ ಎರಡರಷ್ಟು ಎಂದಿಟ್ಟುಕೊಳ್ಳುವುದು ಕ್ಷೇಮ. ಒಳಗಿನ ಡಿಸ್‌ಪ್ಲೇ, ಕನೆಕ್ಟರ್ ಎಷ್ಟು ತಡೆಯುತ್ತವೆ ಎಂದು ಮಶೀನ್ ಮಾಡಿದವರೇ ಹೇಳಬೇಕು. ಹೇಳುವವರು ಅಪರೂಪ.

76 ಸೆಂ.ಮೀ. ನನ್ನ ಅಂದಾಜಲ್ಲ. ಇಸ್ಟಾ 1ಎ ಎಂಬ ಪರೀಕ್ಷೆಯಲ್ಲಿ ಒಂಬತ್ತೂವರೆ ಕೆಜಿವರೆಗಿನ ಪೆಟ್ಟಿಗೆಯನ್ನು ಆ ಎತ್ತರದಿಂದ ಬೀಳಿಸುತ್ತಾರೆ: ಒಂದು ಮೂಲೆ, ಆ ಮೂಲೆಯಿಂದ ಹೊರಡುವ ಮೂರು ಅಂಚು, ಆರು ಮೈ, ಒಟ್ಟು 10 ಸಲ. ತೂಕ ಏರಿದಂತೆ ಎತ್ತರ ಇಳಿಯುತ್ತದೆ. 45 ಕೆಜಿ ದಾಟಿದರೆ 20 ಸೆಂ.ಮೀ. ಸಾಕು. ಭಾರದ್ದಕ್ಕೆ ಯಾಕೆ ರಿಯಾಯಿತಿ ಎಂದು ಯೋಚಿಸುತ್ತಿದ್ದವನಿಗೆ ತುಮಕೂರು ರಸ್ತೆಯ ಪಾರ್ಸೆಲ್ ಆಫೀಸಿನಲ್ಲಿ ಯಾದಗಿರಿ ಕಡೆಯ ಹಮಾಲಿಯೊಬ್ಬರು ಉತ್ತರ ಕೊಟ್ಟರು: ‘ಹಗರ ಇದ್ರ ಒಗಿತೀವ್ರಿ. ಭಾರ ಇದ್ರ ಇಬ್ಬರು ಹಿಡದು ಇಡ್ತೀವಿ.’

ಬೀಳಿಸುವುದಕ್ಕೂ ಮೊದಲು ಅಲುಗಾಟದ ಪರೀಕ್ಷೆ. ಪೆಟ್ಟಿಗೆ ಟೇಬಲ್ ಮೇಲೆ ಕುಣಿಯಬೇಕು, ಅಡಿಯಲ್ಲಿ ತೆಳ್ಳನೆ ತಗಡು ತೂರಿಸಿ ಆಡಿಸಲು ಬರುವಷ್ಟು ಎಗರಬೇಕು, ಹಾಗೆ 14,200 ಸಲ. ಶಿರಾಡಿ ಘಾಟಿಯಲ್ಲಿ ಲಾರಿಯ ಹಿಂಭಾಗ ಕಂಡವರಿಗೆ ಇದು ಅತಿಯೆನಿಸದು.

ನನಗೆ ಹೆಚ್ಚು ಕಲಿಸಿದ್ದು ಅಲ್ಟ್ರಾಸೌಂಡ್ ಪ್ರೋಬ್. ಅದರ ಮುಖದ ರಬ್ಬರಿನಂಥ ಲೆನ್ಸ್ ಹಿಂದೆ ಪುಟ್ಟ ಕ್ರಿಸ್ಟಲ್‌ಗಳ ಸಾಲಿರುತ್ತದೆ. ಮುಖಕ್ಕೆ ಫೋಮ್ ಒತ್ತಿಕೊಂಡು ಗೋಡೌನಿನಲ್ಲಿ ತಿಂಗಳುಗಟ್ಟಲೆ ಕೂತರೆ ಅದಕ್ಕೆ ಒಳ್ಳೆಯದಲ್ಲ. ಅದಕ್ಕೇ ಹಿಡಿಯನ್ನು ಮಾತ್ರ ಬಿಗಿಯಾಗಿ ಹಿಡಿಯುವ ಗುಂಡಿ ಕೊರೆದು, ಮುಖದ ಮುಂದೆ ಜಾಗ ಖಾಲಿ ಬಿಡುತ್ತೇವೆ. ಕೇಬಲ್ಲಿನೊಳಗೆ ಕೂದಲೆಳೆಯಂಥ ತಂತಿಗಳು. ಅದಕ್ಕೆ ದೊಡ್ಡ ಸುತ್ತಿನ ತೋಡು, ಎಲ್ಲೂ ಮೂಲೆ ತಿರುಗಬಾರದು. ಕತ್ತರಿಸಿದ ಅಂಚಿನಿಂದ ಉದುರುವ ಫೋಮ್ ಪುಡಿ ಕನೆಕ್ಟರ್ ಪಿನ್ನಿನ ನಡುವೆ ಸೇರದಂತೆ ಮೊದಲು ಪಾಲಿಥೀನ್ ಕವರ್, ಆಮೇಲೆ ಗುಂಡಿ.

ಇನ್ನು ಪಿಂಕ್ ಫೋಮಿನ ಹುಚ್ಚು. ಆಂಟಿಸ್ಟ್ಯಾಟಿಕ್ ಎಂದರೆ ಪಿಂಕ್, ಪಿಂಕ್ ಎಂದರೆ ಆಂಟಿಸ್ಟ್ಯಾಟಿಕ್ ಎಂಬ ನಂಬಿಕೆ. ಬಣ್ಣ ಯಾರು ಬೇಕಾದರೂ ಬೆರೆಸಬಹುದು. ಕೆಲಸ ಮಾಡುವುದು ಒಳಗಿನ ರಾಸಾಯನಿಕ. ಅದು ಮೇಲ್ಮೈಗೆ ಬಂದು ಗಾಳಿಯ ತೇವ ಹೀರಿಕೊಂಡರೆ ಮಾತ್ರ ಚಾರ್ಜ್ ಹರಿದುಹೋಗುತ್ತದೆ, ಕಾಲ ಕಳೆದಂತೆ ಕ್ಷೀಣಿಸುತ್ತದೆ. ಕಲಬುರಗಿಯ ಏಪ್ರಿಲ್ ಒಣಹವೆಯಲ್ಲಿ ಅದರಿಂದ ಹೆಚ್ಚು ನಿರೀಕ್ಷಿಸಬಾರದು. ಮೀಟರ್ ಇಟ್ಟು ನೋಡಿದರೆ ಮೇಲ್ಮೈಯ ರೋಧ 10,000 ಕೋಟಿ ಓಮ್‌ಗಿಂತ ಕೆಳಗೆ ತೋರಿಸಬೇಕು. ಬಿಚ್ಚಿದ ಬೋರ್ಡ್, ಸ್ಪೇರ್ ಕಾರ್ಡುಗಳಿಗೆ ಅಂಥ ಫೋಮ್ ಬೇಕೇ ಬೇಕು. ಕವಚದೊಳಗೆ ಭದ್ರವಾಗಿ ಕೂತಿರುವ ಪೂರ್ತಿ ಮಶೀನಿಗೆ ಬಹುಪಾಲು ಬಿಳಿಯದೇ ಸಾಕು.

ಪಿಯು ಫೋಮ್ ಹಾಸಿಗೆಯಂತೆ ಮೆತ್ತಗೆ. ಹಗುರ ಉಪಕರಣಕ್ಕೆ ಇಪಿಇಗಿಂತ ಚೆನ್ನಾಗಿ ಹೊಂದುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನೀರು ಕುಡಿಯುತ್ತದೆ, ವರ್ಷಗಳು ಕಳೆದರೆ ಹಳದಿಗಟ್ಟಿ ಉದುರುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಸ್ಟೋರಿನಲ್ಲಿ ಉಳಿಯುವ ಮಾಲಿಗೆ ಅದನ್ನು ನಾನು ಕೊಡುವುದಿಲ್ಲ. ಇಪಿಇಗೂ ತನ್ನ ದೋಷವಿದೆ: ಬಿಸಿಲಿಗೆ ಕಾದ ಲಾರಿಯಲ್ಲಿ ಭಾರ ಹೊತ್ತು ಬಹಳ ದಿನ ಕೂತರೆ ತಗ್ಗುತ್ತದೆ, ತಗ್ಗಿದಷ್ಟು ಸಂದಿಯಲ್ಲಿ ಮಶೀನ್ ಗಡಗಡ ಎನ್ನುತ್ತದೆ.

ಕೊಳ್ಳುವವರು ತಾವೇ ಮಾಡಬಹುದಾದ ಪರೀಕ್ಷೆಯೊಂದಿದೆ. ಡೆನ್ಸಿಟಿ 25 ಎಂದು ಬಿಲ್ಲಿನಲ್ಲಿ ಬರೆದಿದ್ದರೆ 10 ಸೆಂ.ಮೀ. ಘನದ ತುಂಡು ಕತ್ತರಿಸಿ ತೂಗಿ. ಅದು ಒಂದು ಲೀಟರ್ ಜಾಗ, 25 ಗ್ರಾಂ ತೂಗಬೇಕು. 19 ತೂಗಿದರೆ ನಿಮಗೆ ಮಾರಿದ್ದು ಗಾಳಿ. ನನ್ನ ಮೇಜಿನ ಮೇಲೆ ಅಕ್ಕಸಾಲಿಗರ ಅಂಗಡಿಯಲ್ಲಿರುವಂಥ ಸಣ್ಣ ತಕ್ಕಡಿ ಸದಾ ಇರುತ್ತದೆ. ಶೀಟ್ ತರುವ ಡೀಲರಿಗೆ ಅದು ಕಂಡರೆ ಆಗದು.

ಆಮೇಲೆ ರೇಟಿನ ಜಗ್ಗಾಟ. ಕೊರಿಯರ್‌ನವರು ಅನೇಕ ಸಲ ತೂಕ ನೋಡದೆ ಜಾಗ ನೋಡುತ್ತಾರೆ: ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸಿದ್ದೇ ಕೆಜಿ. 50, 50, 40 ಸೆಂ.ಮೀ.ನ ಪೆಟ್ಟಿಗೆ ಒಳಗೆ ಎಂಟೇ ಕೆಜಿ ಇದ್ದರೂ 20 ಕೆಜಿ ಚಾರ್ಜು. ಹಾಗಾಗಿ ‘ಎಲ್ಲಾ ಕಡೆ ಎರಡೆರಡು ಸೆಂಟಿಮೀಟರ್ ಇಳಿಸಿ’ ಎಂದು ಬರುತ್ತಾರೆ. ಇಳಿಸೋಣ, ಆದರೆ ಬೀಳಿಸಿ ನೋಡಿದ ಮೇಲೆ, ಎನ್ನುತ್ತೇನೆ. ಪರೀಕ್ಷೆಗೊಂದು ಮಶೀನ್ ಕೊಡಿ ಎಂದರೆ ಕೆಲವರು ಮತ್ತೆ ಫೋನ್ ಮಾಡುವುದಿಲ್ಲ. ಕೊಡುವವರು ಸಾಮಾನ್ಯವಾಗಿ ಕ್ಯೂಸಿಯಲ್ಲಿ ಫೇಲಾದ, ತೂಕದಲ್ಲಿ ಮಾತ್ರ ಸರಿಯಿರುವ ಮಶೀನನ್ನು ಕಳಿಸುತ್ತಾರೆ. ಫೋಮ್ ಪರೀಕ್ಷೆಗೆ ಒಳಗೊಂದು ಶಾಕ್ ಸೆನ್ಸರ್ ಕೂರಿಸಿದರೆ ಅಷ್ಟೇ ಸಾಕು.

ರಿಪೇರಿಗೆ ವಾಪಸು ಬರುವಾಗ ಇದೇ ಮಶೀನ್ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬರುವುದೂ ಇದೆ. ಆಸ್ಪತ್ರೆಯಲ್ಲಿ ಬಿಡಿ ತುಂಡುಗಳನ್ನು ಕಸಕ್ಕೆ ಹಾಕಿರುತ್ತಾರೆ. ಈಚೆಗೆ ಮೂಲೆಯ ತುಂಡುಗಳನ್ನು ಒಂದೇ ಟ್ರೇಗೆ ಬಿಸಿಗಾಳಿಯಲ್ಲಿ ಅಂಟಿಸಿ ಕೊಡುತ್ತಿದ್ದೇವೆ, ಮುಚ್ಚಳದ ಒಳಮೈಗೆ ‘ಪ್ರೋಬ್ ಮೊದಲು, ಕೇಬಲ್ ಆಮೇಲೆ’ ಎಂದು ಚಿತ್ರದ ಜೊತೆ ಕನ್ನಡದಲ್ಲಿ ಅಚ್ಚು ಹಾಕಿಸಿ. ಅದನ್ನು ತೆಗೆಸಿದ ಗಿರಾಕಿ ಇನ್ನೂ ಬಂದಿಲ್ಲ. ಒಬ್ಬರು ಹಿಂದಿಯಲ್ಲೂ ಬೇಕೆಂದರು, ಹಾಕಿಸಿ ಕೊಟ್ಟೆ.