ಕೆಳಗಿನ ದಿಕ್ಕಿಗೆ ನಮಸ್ಕಾರ: ದುಡಿಸಿಕೊಳ್ಳುವವರ ಐದು ಕರ್ತವ್ಯಗಳು

*ಇಂದಿನ ಧಮ್ಮ ಚಿಂತನೆ*




ನೌಕರರ ಆರೋಗ್ಯ ಎಂದ ಕೂಡಲೇ ನಮಗೆ ಬೆಂಗಳೂರಿನ ಕಂಪನಿಗಳು ನೆನಪಾಗುತ್ತವೆ. ಅಲ್ಲಿ ಯೋಗ ತರಗತಿ ಇರುತ್ತದೆ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಇರುತ್ತದೆ, ಮನಸ್ಸು ಕುಗ್ಗಿದರೆ ಮಾತಾಡಲು ಆಪ್ತ ಸಮಾಲೋಚಕರೂ ಇರುತ್ತಾರೆ. ನಮ್ಮ ಹಂದನಕೆರೆ ಹೋಬಳಿಯಲ್ಲಿ ಅಂಥ ಕಂಪನಿಗಳಿಲ್ಲ. ಹಾಗೆಂದು ಕೆಲಸದ ಜಾಗಗಳಿಲ್ಲವೇ? ತೆಂಗಿನ ತೋಟ, ಕಾಯಿ ಸುಲಿಯುವ ಕಣ, ಕೊಬ್ಬರಿ ಅಟ್ಟ, ನಾರಿನ ಘಟಕ ಇವೆಲ್ಲ ಕೆಲಸದ ಜಾಗಗಳೇ. ಹಾಗಾದರೆ ಇಲ್ಲಿ ಮಾಲೀಕ ಯಾರು? ಇಪ್ಪತ್ತು ಮರ ಇರುವವನೂ ಕಾಯಿ ಕೀಳಿಸುವ ದಿನ ಯಜಮಾನನೇ. ಮರುದಿನ ಅವನೇ ಇನ್ನೊಬ್ಬರ ಕಣದಲ್ಲಿ ಕೂಲಿಯಾಗಿರಬಹುದು. ಆದ್ದರಿಂದ ಇಂದಿನ ಪಾಠ ಯಾರೋ ದೊಡ್ಡವರಿಗೆ ಹೇಳಿದ್ದಲ್ಲ, ನಮಗೇ ಹೇಳಿದ್ದು.

*ಸಿಗಾಲನ ಕಥೆ*

ದೀಘ ನಿಕಾಯದಲ್ಲಿ ಸಿಗಾಲೋವಾದ ಸುತ್ತವಿದೆ. ರಾಜಗೃಹದ ಸಿಗಾಲ ಎಂಬ ಗೃಹಸ್ಥನ ಮಗ ಬೆಳಗ್ಗೆ ಎದ್ದು, ಒದ್ದೆ ಬಟ್ಟೆಯಲ್ಲಿ ನಿಂತು ಆರು ದಿಕ್ಕುಗಳಿಗೆ ಕೈ ಮುಗಿಯುತ್ತಿದ್ದ. ತಂದೆ ಸಾಯುವಾಗ ಹೇಳಿದ್ದರೆಂದು ಮಾಡುತ್ತಿದ್ದ, ಅರ್ಥ ಗೊತ್ತಿರಲಿಲ್ಲ. ಬುದ್ಧರು ಅವನ ಆಚರಣೆಯನ್ನು ಹಳಿಯಲಿಲ್ಲ, ಅದಕ್ಕೆ ಹೊಸ ಅರ್ಥ ಕೊಟ್ಟರು. ಪೂರ್ವ ಎಂದರೆ ತಂದೆತಾಯಿ, ದಕ್ಷಿಣ ಎಂದರೆ ಗುರುಗಳು, ಪಶ್ಚಿಮ ಎಂದರೆ ಹೆಂಡತಿ ಮಕ್ಕಳು, ಉತ್ತರ ಎಂದರೆ ಗೆಳೆಯರು, ಮೇಲಿನ ದಿಕ್ಕು ಶ್ರಮಣರು ಮತ್ತು ಬ್ರಾಹ್ಮಣರು. ಕೆಳಗಿನ ದಿಕ್ಕು ನಮಗಾಗಿ ದುಡಿಯುವವರು.

ಕೆಳಗಿನ ದಿಕ್ಕು ಎಂದರೆ ಕೀಳು ಎಂದಲ್ಲ. ಕೆಳಗೆ ಇರುವುದು ನಾವು ನಿಂತ ನೆಲ. ನೆಲ ಕುಸಿದರೆ ಉಳಿದ ಐದು ದಿಕ್ಕಿಗೆ ಕೈ ಮುಗಿಯಲು ನಿಲ್ಲುವುದೆಲ್ಲಿ?

ಈ ದಿಕ್ಕಿಗೆ ನಮಸ್ಕಾರ ಎಂದರೆ ಐದು ಕರ್ತವ್ಯಗಳನ್ನು ನಡೆಸುವುದು. ಕೆಲಸಗಾರನಿಗೂ ಐದು ಕರ್ತವ್ಯಗಳಿವೆ: ಒಡೆಯನಿಗಿಂತ ಮೊದಲು ಏಳುವುದು, ಕೊಟ್ಟದ್ದನ್ನಷ್ಟೇ ತೆಗೆದುಕೊಳ್ಳುವುದು, ಕೆಲಸವನ್ನು ಚೆನ್ನಾಗಿ ಮಾಡುವುದು ಮುಂತಾದವು. ಆದರೆ ಸುತ್ತದಲ್ಲಿ ಒಡೆಯನ ಐದು ಮೊದಲು ಬರುತ್ತವೆ.

*1. ಶಕ್ತಿಗೆ ತಕ್ಕ ಕೆಲಸ*

ಗಮನಿಸಿ, ಕೂಲಿಗಿಂತ ಮೊದಲು ಬುದ್ಧರು ಹೇಳಿದ್ದು ಇದನ್ನು. ಒಬ್ಬರ ದೇಹಕ್ಕೆ ಆಗದ ಕೆಲಸವನ್ನು ಹೇಳಿ ಎಷ್ಟು ಕೂಲಿ ಕೊಟ್ಟರೂ ಅದು ಸರಿಯಲ್ಲ. ನಮ್ಮಲ್ಲಿ ಕಾಯಿ ಸುಲಿಯುವುದಕ್ಕೆ ಲೆಕ್ಕದ ಮೇಲೆ ಕೂಲಿ. ಸಾವಿರ ಕಾಯಿಗೆ ಇಷ್ಟು ಎಂದು ಮಾತು. ಈ ಪದ್ಧತಿಯಲ್ಲಿ ದಣಿವು ಕೆಲಸಗಾರನ ಸ್ವಂತ ನಷ್ಟವಾಗಿಬಿಡುತ್ತದೆ. ಬೆನ್ನು ನೆಟ್ಟಗೆ ಮಾಡಿಕೊಂಡ ಹತ್ತು ನಿಮಿಷಕ್ಕೂ ಅವನ ಜೇಬಿನಿಂದಲೇ ಕಳೆಯಬೇಕು. ಅರವತ್ತು ದಾಟಿದ ಅಜ್ಜನೂ ಇಪ್ಪತ್ತೈದರ ಹುಡುಗನೂ ಒಂದೇ ಲೆಕ್ಕಕ್ಕೆ ಕೂರುತ್ತಾರೆ. ವಯಸ್ಸಾದವರಿಗೆ ಕಾಯಿ ಎಣಿಸುವ, ಆರಿಸುವ ಕೆಲಸ ಕೊಟ್ಟು ದಿನಗೂಲಿ ಕೊಡುವುದು ಸಣ್ಣ ಬದಲಾವಣೆ. ಸುತ್ತ ಕೇಳುವುದೂ ಅಷ್ಟನ್ನೇ.

*2. ಊಟ ಮತ್ತು ಕೂಲಿ*

ಇದು ಎಲ್ಲರಿಗೂ ಗೊತ್ತಿರುವುದು. ಒಂದೇ ಮಾತು: ಕೊಬ್ಬರಿ ಮಾರಿದ ಮೇಲೆ ಕೊಡುತ್ತೇನೆ ಎನ್ನುವುದು ಕೂಲಿ ಕೊಟ್ಟಂತಲ್ಲ. ತಿಪಟೂರಿನ ಮಾರುಕಟ್ಟೆಯಲ್ಲಿ ದರ ಇಳಿದರೆ ಅದು ತೋಟದವನ ಕಷ್ಟ, ನಿಜ. ಆದರೆ ಆ ಕಷ್ಟವನ್ನು ಸಂಜೆಗೆ ಅಕ್ಕಿ ತರಬೇಕಾದವರ ಹೆಗಲಿಗೆ ದಾಟಿಸಬಾರದು.

*3. ಕಾಯಿಲೆಯಲ್ಲಿ ಆರೈಕೆ*

ವಿನಯದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಹೊಟ್ಟೆಯ ಕಾಯಿಲೆಯಿಂದ ನರಳುತ್ತಿದ್ದ ಭಿಕ್ಷುವೊಬ್ಬ ತನ್ನದೇ ಹೊಲಸಿನಲ್ಲಿ ಬಿದ್ದಿದ್ದ. ಬುದ್ಧರು ಆನಂದರೊಂದಿಗೆ ಅಲ್ಲಿಗೆ ಬಂದರು. ಯಾರೂ ನಿನ್ನನ್ನು ನೋಡಿಕೊಳ್ಳುವುದಿಲ್ಲವೇಕೆ ಎಂದು ಕೇಳಿದರು. ನನ್ನಿಂದ ಅವರಿಗೆ ಯಾವ ಉಪಯೋಗವೂ ಇಲ್ಲ, ಅದಕ್ಕೇ ನೋಡುವುದಿಲ್ಲ ಎಂದು ಅವನು ಹೇಳಿದ. ಬುದ್ಧರು ನೀರು ಹೊಯ್ದರು, ಆನಂದರು ಮೈ ತೊಳೆದರು. ಇಬ್ಬರೂ ತಲೆಯ ಕಡೆ ಮತ್ತು ಕಾಲಿನ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಸೇರಿಸಿ, ನನ್ನ ಸೇವೆ ಮಾಡಬಯಸುವವರು ರೋಗಿಯ ಸೇವೆ ಮಾಡಲಿ ಎಂಬ ಅರ್ಥದ ಮಾತು ಹೇಳಿದರು.

ಆ ಭಿಕ್ಷುವಿನ ಉತ್ತರ ನಮ್ಮ ಊರುಗಳಲ್ಲೂ ಕೇಳುತ್ತದೆ. ಮರದಿಂದ ಬಿದ್ದು ಸೊಂಟ ಹೋದವನಿಂದ ಇನ್ನು ಯಾರಿಗೂ ಉಪಯೋಗವಿಲ್ಲ. ಮೊದಲ ವಾರ ನಾಲ್ಕು ಜನ ಬಂದು ನೋಡುತ್ತಾರೆ, ಆಸ್ಪತ್ರೆ ಖರ್ಚಿಗೆ ಸ್ವಲ್ಪ ದುಡ್ಡೂ ಕೊಡುತ್ತಾರೆ. ಮುಂದಿನ ಕೀಳಿಗೆ ಬೇರೆಯವನು ಬರುತ್ತಾನೆ. ನಮ್ಮಂಥ ಶಿಕ್ಷಕರಿಗೆ ಇದು ಹಾಜರಿ ಪುಸ್ತಕದಲ್ಲಿ ಕಾಣುತ್ತದೆ. ಅಂಥ ಮನೆಯ ಮಗು ಮೊದಲು ವಾರಕ್ಕೆರಡು ದಿನ ಗೈರಾಗುತ್ತದೆ, ಆಮೇಲೆ ಬರುವುದೇ ಇಲ್ಲ.

ಐದನೇ ಶತಮಾನದ ಬುದ್ಧಘೋಷರು ತಮ್ಮ ಟೀಕೆಯಲ್ಲಿ ಈ ಕರ್ತವ್ಯವನ್ನು ಬಿಡಿಸಿ ಹೇಳುತ್ತಾರೆ: ಮೈ ಸರಿಯಿಲ್ಲದಾಗ ಕೆಲಸ ಮಾಡಿಸಬಾರದು, ಸೂಕ್ತ ಔಷಧ ಕೊಟ್ಟು ನೋಡಿಕೊಳ್ಳಬೇಕು. ಇಂದು ಇದಕ್ಕೆ ಇನ್ನೊಂದು ದಾರಿಯೂ ಇದೆ. ತೆಂಗು ಅಭಿವೃದ್ಧಿ ಮಂಡಳಿ ಮರ ಹತ್ತುವವರಿಗಾಗಿ ಕೇರ ಸುರಕ್ಷಾ ಎಂಬ ಅಪಘಾತ ವಿಮೆ ನಡೆಸುತ್ತದೆ. ಕಂತಿನ ಹೆಚ್ಚಿನ ಪಾಲನ್ನು ಮಂಡಳಿಯೇ ಭರಿಸುತ್ತದೆ. ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ಉಳಿದ ಸಣ್ಣ ಪಾಲನ್ನು ತೋಟದವರು ಸೇರಿ ಕಟ್ಟಿದರೆ, ಅರ್ಜಿ ತುಂಬಲು ಓದಿದ ಮಕ್ಕಳು ನೆರವಾದರೆ, ಅದೂ ರೋಗಿಯ ಸೇವೆಯೇ.

*4. ರುಚಿಯಾದದ್ದರಲ್ಲಿ ಪಾಲು*

ಇದನ್ನು ಓದುವಾಗ ಹಲವರಿಗೆ ಆಶ್ಚರ್ಯ. ಹಬ್ಬದ ಹೋಳಿಗೆ ಕೊಟ್ಟರೆ ಆರೋಗ್ಯ ಹೇಗೆ? ಇಲ್ಲಿರುವುದು ಮರ್ಯಾದೆಯ ಪ್ರಶ್ನೆ. ಮಿಕ್ಕಿದ್ದನ್ನು ಕೊಡುವುದಲ್ಲ, ತಾನು ತಿನ್ನುವ ವಿಶೇಷವನ್ನೇ ಹಂಚಿಕೊಳ್ಳುವುದು. ತೋಟಕ್ಕೆ ಬಂದವರಿಗೆ ನೀರನ್ನು ಬೊಗಸೆಗೆ ಹೊಯ್ಯುವ, ಲೋಟವನ್ನು ಬೇರೆ ಇಡುವ ಅಭ್ಯಾಸ ಎಲ್ಲ ಕಡೆಯೂ ಹೋಗಿದೆ ಎಂದು ನಾವು ಎದೆ ಮುಟ್ಟಿ ಹೇಳಬಲ್ಲೆವೇ? ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಗೆ ಹೋಗಿದ್ದು ಬರೀ ಬಾಯಾರಿಕೆಗಾಗಿ ಅಲ್ಲ. ಬಿಸಿಲಲ್ಲಿ ದುಡಿಯುವವನಿಗೆ ಬೇಕಿರುವುದು ಮೊದಲು ನೀರು. ಅದನ್ನು ಕೇಳಲು ಅಂಜಿಕೆಯಾದರೆ ಅವನು ಕಡಿಮೆ ಕುಡಿಯುತ್ತಾನೆ. ಅವಮಾನ ಹೀಗೆ ಮೈಯ ಕಾಯಿಲೆಯಾಗುತ್ತದೆ.

*5. ಸಕಾಲಕ್ಕೆ ಬಿಡುವು*

ಬುದ್ಧಘೋಷರು ಇದಕ್ಕೆ ಎರಡು ಅರ್ಥ ಹೇಳುತ್ತಾರೆ. ದಿನವಿಡೀ ದುಡಿದು ಬಳಲದಂತೆ ಹೊತ್ತು ನೋಡಿ ಬಿಡುವುದು ಒಂದು, ಹಬ್ಬಹರಿದಿನಗಳಲ್ಲಿ ತಿಂಡಿ ಊಟ ಕೊಟ್ಟು ರಜೆ ಕೊಡುವುದು ಇನ್ನೊಂದು. ಕೊಬ್ಬರಿ ಅಟ್ಟದ ಕೆಳಗೆ, ಒಣ ಮಟ್ಟೆಯ ದೂಳಿನಲ್ಲಿ, ಕುಕ್ಕರಗಾಲಲ್ಲಿ ಕೂತು ಚಿಪ್ಪು ಬಿಡಿಸುವ ಹೆಣ್ಣುಮಕ್ಕಳನ್ನು ನೆನೆಯಿರಿ. ಎರಡು ಗಂಟೆಗೊಮ್ಮೆ ಹೊರಗೆ ಗಾಳಿಗೆ ಬರುವುದು, ಮೂಗಿಗೆ ಬಟ್ಟೆ, ಕೂರಲು ಮಣೆ, ಹತ್ತಿರದಲ್ಲಿ ಬಾಗಿಲಿರುವ ಶೌಚಾಲಯ. ಶೌಚಾಲಯ ಇಲ್ಲವೆಂದು ಬೆಳಗ್ಗೆಯಿಂದ ನೀರೇ ಕುಡಿಯದೆ ದುಡಿಯುವವರು ನಮ್ಮ ನಡುವೆಯೇ ಇದ್ದಾರೆ.

*ಕರ್ತವ್ಯದಿಂದ ಹಕ್ಕಿಗೆ*

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಒಡೆಯನಿಗೆ ಒಳ್ಳೆಯ ಮನಸ್ಸಿಲ್ಲದಿದ್ದರೆ? ಅಶೋಕ ತನ್ನ ಒಂಬತ್ತನೆಯ ಬಂಡೆ ಶಾಸನದಲ್ಲಿ, ದಾಸರನ್ನೂ ಕೂಲಿಯಾಳುಗಳನ್ನೂ ಸರಿಯಾಗಿ ನಡೆಸಿಕೊಳ್ಳುವುದೇ ನಿಜವಾದ ಮಂಗಳಕಾರ್ಯಗಳಲ್ಲಿ ಒಂದು ಎಂದು ಬರೆಸಿದ. ಅದೂ ಉಪದೇಶವೇ.

ಉಪದೇಶವನ್ನು ಹಕ್ಕಾಗಿ ಮಾಡಿದ್ದರಲ್ಲಿ ಬಾಬಾಸಾಹೇಬರ ಪಾಲು ದೊಡ್ಡದು. 1942ರಿಂದ 1946ರವರೆಗೆ ಅವರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದರು. ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿದದ್ದು 1946ರ ತಿದ್ದುಪಡಿಯಿಂದ. 1948ರ ನೌಕರರ ರಾಜ್ಯ ವಿಮಾ ಕಾಯ್ದೆಗೆ, ಅಂದರೆ ಇಂದಿನ ಇಎಸ್‌ಐಗೆ, ತಯಾರಿ ನಡೆದದ್ದೂ ಅವರ ಕಾಲದಲ್ಲೇ. ಸಿಗಾಲನಿಗೆ ಹೇಳಿದ ಮೂರನೆಯ ಮತ್ತು ಐದನೆಯ ಕರ್ತವ್ಯ ಹೀಗೆ ಕಾನೂನಾದವು.

ಆದರೆ ಕಾನೂನು ತಲೆ ಎಣಿಸುತ್ತದೆ. 1948ರ ಕಾರ್ಖಾನೆ ಕಾಯ್ದೆ ವಿದ್ಯುತ್ ಬಳಸುವ ಕಡೆ 10 ಜನ, ಬಳಸದ ಕಡೆ 20 ಜನ ಇದ್ದರೆ ಕಾರ್ಖಾನೆ ಎಂದಿತು. 2020ರ ಹೊಸ ಸಂಹಿತೆ ಅದನ್ನು 20 ಮತ್ತು 40ಕ್ಕೆ ಏರಿಸಿತು. ಆರು ಜನ ಕೂತು ಕಾಯಿ ಸುಲಿಯುವ ಕಣ ಎರಡರಲ್ಲೂ ಸಿಗುವುದಿಲ್ಲ. ಕಾನೂನು ಬರುವವರೆಗೂ ಹೋರಾಡಬೇಕು. ಅಲ್ಲಿಯವರೆಗೆ ಆ ಆರು ಜನರ ಬೆನ್ನು, ಶ್ವಾಸ, ನೀರು ನಮ್ಮ ಶೀಲದ ಮೇಲೆ ನಿಂತಿವೆ.

ನಾವು ದಿನಾ ಆಡುವ ಮಾತೊಂದಿದೆ: "ನಾಳೆಗೆ ನಾಲ್ಕು ಆಳು ಬೇಕು." ಕನ್ನಡದಲ್ಲಿ ಆಳು ಎಂದರೆ ಕೂಲಿಯವನು ಮಾತ್ರವಲ್ಲ, ಮನುಷ್ಯ ಎಂದೂ ಅರ್ಥ. ಆಳೆತ್ತರ ಎನ್ನುವಾಗ ಆ ಅರ್ಥ ಈಗಲೂ ಬದುಕಿದೆ. ನಾಲ್ಕು ಆಳು ಎಂದಾಗ ನಾಲ್ಕು ಮನುಷ್ಯರು ಎಂದು ಮನಸ್ಸಿನಲ್ಲಿ ಕೇಳಿಸಿಕೊಂಡರೆ ಐದು ಕರ್ತವ್ಯಗಳೂ ತಾವಾಗಿ ನೆನಪಾಗುತ್ತವೆ.

*ಇಂದಿನ ಅಭ್ಯಾಸ*

✅ ಇಂದು ನಮಗಾಗಿ ದುಡಿಯುವ ಒಬ್ಬರನ್ನು ಕೆಲಸದ ಮಾತಿಗಿಂತ ಮೊದಲು "ಮೈ ಹುಷಾರಾಗಿದೆಯಾ?" ಎಂದು ಕೇಳುವುದು, ಉತ್ತರ ಬರುವವರೆಗೆ ಕಾಯುವುದು.
✅ ನಾವು ಕುಡಿಯುವ ನೀರನ್ನೇ, ನಮ್ಮದೇ ಲೋಟದಲ್ಲಿ ಕೊಡುವುದು.
✅ ನಮ್ಮ ತೋಟದ ಮರ ಹತ್ತುವವರಿಗೆ ವಿಮೆ ಇದೆಯೇ ಎಂದು ವಿಚಾರಿಸುವುದು.
✅ ನಾವೇ ಕೂಲಿಗೆ ಹೋಗುವವರಾದರೆ, ಬಿಡುವು ಕೇಳುವುದು ಸೋಮಾರಿತನವಲ್ಲ ಎಂದು ತಿಳಿಯುವುದು.

ದುಡಿಯುವ ಎಲ್ಲ ಜೀವಗಳೂ ನಿರೋಗಿಗಳಾಗಿರಲಿ, ಸಂಜೆ ಕ್ಷೇಮವಾಗಿ ಮನೆ ಸೇರಲಿ.

ನಮೋ ಬುದ್ಧಾಯ 🙏 ಜೈ ಭೀಮ್